ಮಗಳು 400 ಮೀಟರ್ ಓಡುತ್ತಾಳೆ, ನೆರವು ಯಾರನ್ನು ಕೇಳುವುದು?

ಕೊಡಗಿನ ಪೊನ್ನಂಪೇಟೆ ಕಡೆಯಿಂದ ಪ್ರಶ್ನೆ: ಮಗಳಿಗೆ 15 ವರ್ಷ. ಈ ಸಲ ರಾಜ್ಯ ಮಟ್ಟದಲ್ಲಿ 400 ಮೀಟರ್ ಬೆಳ್ಳಿ ಬಂತು. ಬೆಂಗಳೂರಿಗೆ ಕಳಿಸಿ ಅಂತ ಕೋಚ್ ಹೇಳುತ್ತಿದ್ದಾರೆ. ನಮ್ಮದು ಎರಡು ಎಕರೆ ಕಾಫಿ. ದುಡ್ಡು ಬರುವುದು ವರ್ಷಕ್ಕೊಂದು ಸಲ, ಖರ್ಚು ತಿಂಗಳು ತಿಂಗಳೂ. ಇಂಥ ಮಕ್ಕಳಿಗೆ ನೆರವಾಗುವ ಸಂಸ್ಥೆಗಳು ಇವೆಯಂತೆ. ಅನುಭವ ಇದ್ದವರು ಹೇಳಿ.

ವಿರಾಜಪೇಟೆಯಿಂದ: ನನ್ನ ಮಗಳೂ ಓಡುತ್ತಿದ್ದಳು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಗೀತ್ ಸೇಥಿ, ಪ್ರಕಾಶ್ ಪಡುಕೋಣೆ 2001ರಲ್ಲಿ ಶುರು ಮಾಡಿದ ಒಲಿಂಪಿಕ್ ಗೋಲ್ಡ್ ಕ್ವೆಸ್ಟ್ ಇದೆ. ಬೆಂಗಳೂರಲ್ಲೇ ಗೋಸ್ಪೋರ್ಟ್ಸ್ ಫೌಂಡೇಶನ್ ಇದೆ. ಆದರೆ ರಾಜ್ಯದ ಬೆಳ್ಳಿ ನೋಡಿ ಯಾರೂ ಓಡಿ ಬರುವುದಿಲ್ಲ. ನ್ಯಾಷನಲ್ಸ್‌ನಲ್ಲಿ ಹೆಸರು ಕಾಣುವ ತನಕ ಹೆಚ್ಚಿನ ಖರ್ಚು ನಮ್ಮದೇ.

ನಾನು ಮೊದಲು ಒಂದು ಕಡೆ ನಾಲ್ಕು ಪುಟದ ಕಾಗದ ಬರೆದೆ. ಮಗಳ ಶಿಸ್ತು, ಅಜ್ಜಿಯ ಆಸೆ, ಎಲ್ಲ ಇತ್ತು. ಟೈಮಿಂಗ್ ಬರೆಯುವುದೇ ಮರೆತಿದ್ದೆ! ಉತ್ತರ ಬರಲಿಲ್ಲ. ಎರಡನೇ ಸಲ ಒಂದೇ ಪುಟ: ಯಾವ ಕೂಟ, ಯಾವ ದಿನ, ಎಷ್ಟು ಸೆಕೆಂಡ್, ಜೊತೆಗೆ ಓಟದ ವಿಡಿಯೋ. ವಾರದೊಳಗೆ ಫೋನ್ ಬಂತು. ಮೊದಲ ಪ್ರಶ್ನೆಯೇ 'ಟೈಮಿಂಗ್ ಎಲೆಕ್ಟ್ರಾನಿಕ್ ತಾನೆ?' ಸ್ಟಾಪ್‌ವಾಚ್ ಟೈಮಿಂಗ್ ಆದರೆ 400 ಮೀಟರ್‌ಗೆ 0.14 ಸೆಕೆಂಡ್ ಸೇರಿಸಿ ಲೆಕ್ಕ ಹಾಕುತ್ತಾರೆ.

ಸುಮ್ನೆ 'ಸಹಾಯ ಮಾಡಿ' ಅನ್ನಬೇಡಿ, ಬೇಕಾದ್ದನ್ನೇ ಕೇಳಿ. ಒಂದು ಕಕ್ಕಡದ (ನಮ್ಮ ಆಟಿ ತಿಂಗಳು) ಮಳೆಯಲ್ಲಿ ನೆನೆದ ಸ್ಪೈಕ್ಸನ್ನು, ಅಂದರೆ ಮುಳ್ಳಿರುವ ಓಟದ ಶೂಗಳನ್ನು, ಬಚ್ಚಲೊಲೆ ಪಕ್ಕ ಒಣಗಲು ಇಟ್ಟಿದ್ದೆ. ಬೆಳಗ್ಗೆ ನೋಡಿದರೆ ಗೋಂದು ಕರಗಿ, ಅಟ್ಟೆ ಮೊಸಳೆ ಹಾಗೆ ಬಾಯಿ ಬಿಟ್ಟಿತ್ತು. ಕೂಟಕ್ಕೆ ನಾಲ್ಕೇ ದಿನ. ಅದಕ್ಕೇ ಆಮೇಲೆ 'ವರ್ಷಕ್ಕೆ ಎರಡು ಜೊತೆ ಸ್ಪೈಕ್ಸ್, ತಿಂಗಳಿಗೆರಡು ಸಲ ಫಿಸಿಯೋ' ಅಂತಲೇ ಬರೆದೆ. ಅದು ಸಿಕ್ಕಿತು. ದುಡ್ಡು ನಮ್ಮ ಕೈಗೆ ಬರಲಿಲ್ಲ, ಅಂಗಡಿಗೂ ಫಿಸಿಯೋಗೂ ಅವರೇ ಕಟ್ಟಿದರು.

ಸೋಮವಾರಪೇಟೆಯಿಂದ: ನಮ್ಮ ಹುಡುಗನದು ಹಾಕಿ. ತಂಡದ ಆಟ, ಒಬ್ಬೊಬ್ಬರಿಗೆ ಕೊಡುವವರು ಕಡಿಮೆ. ಕ್ರೀಡಾ ಹಾಸ್ಟೆಲ್ ಸೇರಿಸಿದೆವು, ಊಟ ವಸತಿಯ ಚಿಂತೆ ಹೋಯಿತು. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಸ್ಕಾಲರ್‌ಶಿಪ್ಪಿಗೂ ಪ್ರಯತ್ನಿಸಿ. ಆಯ್ಕೆಯಾದರೆ ತಿಂಗಳಿಗೆ 10,000 ಕೈಖರ್ಚು, ತರಬೇತಿಯ ಖರ್ಚು ಬೇರೆ. ನಿಮ್ಮ ಒಕ್ಕದವರನ್ನೂ (ಕುಲದ ಮನೆತನದವರನ್ನೂ) ಕೇಳಿ. 1997ರಲ್ಲಿ ಕರಡದಲ್ಲಿ ಕೊಡವ ಒಕ್ಕಗಳ ಹಾಕಿ ಹಬ್ಬ ಶುರುವಾದಾಗಿನಿಂದ ನಮ್ಮಲ್ಲಿ ಸ್ಟಿಕ್ ಹಿಡಿದವನಿಗೆ ಕೇಳದೆಯೂ ಕೊಡುತ್ತಾರೆ. ಓಡುವ ಹುಡುಗಿ ಅಂದರೆ ಮಾತ್ರ ಯೋಚನೆ ಮಾಡುತ್ತಾರೆ. ಓಟಗಾರ್ತಿ ಅಶ್ವಿನಿ ನಾಚಪ್ಪ ನಮ್ಮವರೇ ಅಲ್ವಾ?

ಕುಶಾಲನಗರದಿಂದ: ಒಂದು ಎಚ್ಚರಿಕೆ. ಟ್ರಸ್ಟ್ ಅಂತ ಹೇಳಿಕೊಂಡು ಒಬ್ಬರು ನಮ್ಮಿಂದ ನೋಂದಣಿಗೆ 8,000 ತೆಗೆದುಕೊಂಡರು. ಮೂರು ತಿಂಗಳಾದ ಮೇಲೆ ಒಂದು ಟೀ ಶರ್ಟ್ ಬಂತು, ಅದೂ ಎರಡು ಸೈಜ್ ದೊಡ್ಡದು. ನೆರವು ಕೊಡುವವರು ನಿಮ್ಮಿಂದ ದುಡ್ಡು ಕೇಳಿದರೆ ಎದ್ದು ಬನ್ನಿ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಬಹುಮಾನದಲ್ಲಿ ಪಾಲು, ಜಾಹೀರಾತಿನ ಹಕ್ಕು ಅಂತ ಏನಾದರೂ ಇದೆಯಾ ನೋಡಿ. ಗೊತ್ತಿರುವ ವಕೀಲರಿಗೆ ತೋರಿಸಿ. ಜನನ ಪತ್ರ ಸರಿ ಇರಲಿ, ವಯಸ್ಸಿನ ಅನುಮಾನ ಬಂದರೆ ಮೂಳೆಯ ಎಕ್ಸ್‌ರೇ ತೆಗೆಸುತ್ತಾರೆ. ಇನ್ನು ಮೇಲೆ ನೆಗಡಿ ಕೆಮ್ಮಿನ ಔಷಧಿಯನ್ನೂ ಡಾಕ್ಟರಿಗೆ 'ಅಥ್ಲೀಟ್' ಅಂತ ಹೇಳಿಯೇ ತೆಗೆದುಕೊಳ್ಳಿ. ಡೋಪ್ ಟೆಸ್ಟಿನಲ್ಲಿ 'ಗೊತ್ತಿರಲಿಲ್ಲ' ಅಂದರೆ ಬಿಡುವುದಿಲ್ಲ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಬೆಳ್ಳಿ ಬಂದ ಓಟದ್ದು ಎಲೆಕ್ಟ್ರಾನಿಕ್ ಟೈಮಿಂಗೇ. ಹಳೆಯವೆಲ್ಲ ಸ್ಟಾಪ್‌ವಾಚಿನವು. ಇವತ್ತು ರಾತ್ರಿಯೇ ಒಂದು ಪುಟ ಬರೆಯುತ್ತೇನೆ.

ವಿರಾಜಪೇಟೆಯಿಂದ: ಬರೆದದ್ದನ್ನು ಕಳಿಸುವ ಮೊದಲು ನನಗೆ ತೋರಿಸಿ. ಮಗಳ ಶೂ ಸೈಜ್ ಎಷ್ಟು? ನಮ್ಮವಳದ್ದು ಆರು. ಒಂದು ಜೊತೆ ಅಟ್ಟದ ಮೇಲೆ ಹಾಗೇ ಇದೆ.