ಪೈ ಝೀರೋ 2 ಡಬ್ಲ್ಯೂ: ಮಿಡಿ ಕೀಬೋರ್ಡ್ ಲೈಟ್ ಉರಿಯುತ್ತೆ, ಪಟ್ಟಿಯಲ್ಲಿ ಮಾತ್ರ ಬರಲ್ಲ

ಸ್ವರಪೆಟ್ಟಿಗೆ:
ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ (ಚಿಕ್ಕ ಕಂಪ್ಯೂಟರ್ ಬೋರ್ಡ್), ಬುಕ್‌ವರ್ಮ್ ಲೈಟ್ (ಅದರ ಆಪರೇಟಿಂಗ್ ಸಿಸ್ಟಂ), ಫ್ಲೂಯಿಡ್‌ಸಿಂತ್ (ವಾದ್ಯಗಳ ಧ್ವನಿ ಹೊರಡಿಸೋ ಸಾಫ್ಟ್‌ವೇರ್). 25 ಕೀಗಳ ಯುಎಸ್‌ಬಿ ಮಿಡಿ ಕೀಬೋರ್ಡ್ (ಸಂಗೀತ ನುಡಿಸೋದು) ಹಾಕಿದ್ರೆ ಅದರ ಲೈಟ್‌ಗಳೆಲ್ಲ ಉರಿಯುತ್ತವೆ. ಆದ್ರೆ ಮಿಡಿ ಪೋರ್ಟ್‌ಗಳ ಪಟ್ಟಿ ಕೊಡೋ ‘ಎಕನೆಕ್ಟ್ -ಎಲ್’ ಕೊಟ್ರೆ ಸಿಸ್ಟಂ, ಮಿಡಿ ಥ್ರೂ ಎರಡೇ ಕಾಣೋದು. ಯುಎಸ್‌ಬಿ ಸಾಧನಗಳ ಪಟ್ಟಿ ಕೊಡೋ ‘ಎಲ್‌ಎಸ್‌ಯುಎಸ್‌ಬಿ’ಯಲ್ಲಿ ರೂಟ್ ಹಬ್ (ಬೋರ್ಡ್‌ನದೇ ಯುಎಸ್‌ಬಿ) ಬಿಟ್ರೆ ಏನಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಅದೇ ಕೇಬಲ್ ಚೆನ್ನಾಗಿದೆ, ಪೈಗೆ ಮಾತ್ರ ಮೈಕ್ರೋ ಕನ್ವರ್ಟರ್ ಬೇಕು. ಡ್ರೈವರ್ ಬೇರೆ ಹಾಕಬೇಕಾ?

ಬೆಸುಗೆ:
ಡ್ರೈವರ್ ತನಕ ಹೋಗೋದೇ ಬೇಡ. ‘ಎಲ್‌ಎಸ್‌ಯುಎಸ್‌ಬಿ’ಯಲ್ಲೇ ಇಲ್ಲ ಅಂದ್ರೆ ಕೀಬೋರ್ಡ್ ಬಂದಿರೋದೇ ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಂನ ತಿರುಳಿಗೆ) ಗೊತ್ತಾಗಿಲ್ಲ. ಲೈಟ್ ನಂಬಬೇಡಿ. ಝೀರೋ ಬೋರ್ಡ್‌ನ ಎರಡೂ ಮೈಕ್ರೋ ಪೋರ್ಟ್‌ಗಳ 5 ವೋಲ್ಟ್ ಒಳಗೆ ಒಂದೇ. ‘ಪವರ್ ಇನ್’ ಪೋರ್ಟ್‌ಗೆ ಡೇಟಾ ಲೈನೇ ಇಲ್ಲ, ಅಲ್ಲಿ ಚುಚ್ಚಿದ್ರೂ ಲೈಟ್ ಉರಿಯುತ್ತೆ. ಎಚ್‌ಡಿಎಂಐ ಕಡೆಗಿರೋ ‘ಯುಎಸ್‌ಬಿ’ ಪೋರ್ಟ್‌ಗೇ ಹಾಕಿ.

ಕನ್ವರ್ಟರ್ ಓಟಿಜಿ ಆಗಿರಬೇಕು, ಅಂದ್ರೆ ಮೈಕ್ರೋ ಪ್ಲಗ್‌ನ 4ನೇ ಪಿನ್ (ಐಡಿ) ಗ್ರೌಂಡ್‌ಗೆ ಸೇರಿರಬೇಕು. ಸೇರಿಲ್ಲ ಅಂದ್ರೆ ಬೋರ್ಡ್ ತಾನು ಹೋಸ್ಟ್ (ಬೇರೆ ಸಾಧನಗಳನ್ನು ನಡೆಸೋ ಕಂಪ್ಯೂಟರ್) ಅಲ್ಲ, ತಾನೇ ಡಿವೈಸ್ ಅಂದ್ಕೊಂಡು ಸುಮ್ಮನಿರುತ್ತೆ. ಮಲ್ಟಿಮೀಟರ್‌ನಲ್ಲಿ 4 ಮತ್ತು 5ನೇ ಪಿನ್ (ಗ್ರೌಂಡ್) ನಡುವೆ ಬೀಪ್ ಬರುತ್ತಾ ನೋಡಿ. ಬರದಿದ್ರೆ ಕಾನ್ಫಿಗ್ ಫೈಲ್‌ನಲ್ಲಿ ‘ಡಿಟಿಓವರ್‌ಲೇ=ಡಿಡಬ್ಲ್ಯುಸಿ2,ಡಿಆರ್_ಮೋಡ್=ಹೋಸ್ಟ್’ ಹಾಕಿ ರೀಬೂಟ್ ಮಾಡಿ. ಈ ಸಾಲನ್ನು ‘[ಆಲ್]’ ಕೆಳಗೇ ಬರೆಯಬೇಕು. ‘[ಸಿಎಂ5]’ (ಕಂಪ್ಯೂಟ್ ಮಾಡ್ಯೂಲ್ 5 ಅನ್ನೋ ಬೇರೆ ಬೋರ್ಡ್) ಕೆಳಗೆ ಅದೇ ಸಾಲು ಮೊದಲೇ ಇದ್ರೆ ಅದು ನಿಮ್ಮ ಬೋರ್ಡ್‌ಗೆ ಲಾಗೂ ಆಗಲ್ಲ. ಎಷ್ಟೋ ಜನ ಅದನ್ನ ನೋಡಿ ‘ಇದೆಯಲ್ಲ’ ಅಂತ ಬಿಟ್ಟುಬಿಡ್ತಾರೆ. ಸಿಎಂಡಿಲೈನ್ ಫೈಲ್‌ನಲ್ಲಿ ‘ಜಿ_ಈಥರ್’ (ಬೋರ್ಡನ್ನೇ ಯುಎಸ್‌ಬಿ ನೆಟ್‌ವರ್ಕ್ ಡಿವೈಸ್ ಮಾಡೋದು) ಇದ್ರೆ ತೆಗೀರಿ.

ಕರ್ನಲ್ ಕಟ್ಟೆ:
ಇಷ್ಟಾದ ಮೇಲೂ ಬರದಿದ್ರೆ ಕರ್ನಲ್ ಸಂದೇಶಗಳನ್ನು ತೋರಿಸೋ ‘ಡಿಮೆಸ್‌ಜಿ -ಡಬ್ಲ್ಯೂ’ ಓಡಿಸಿಟ್ಟು ಪ್ಲಗ್ ಹಾಕಿ. ಒಂದು ಸಾಲೂ ಬರಲಿಲ್ಲ ಅಂದ್ರೆ ಬೆಸುಗೆ ಹೇಳಿದ್ದೇ ಕಾರಣ. ‘ಎರರ್ -71’ ಅಂದ್ರೆ ಸಿಗ್ನಲ್ ಕೆಡ್ತಿದೆ, ‘-110’ ಅಂದ್ರೆ ಸಮಯಕ್ಕೆ ಉತ್ತರ ಬಂದಿಲ್ಲ. ಎರಡಕ್ಕೂ ಮೊದಲು ಅನುಮಾನ ಪಡಬೇಕಾದ್ದು ಕೇಬಲ್ ಮತ್ತು ಪವರ್.

ವೋಲ್ಟೇಜ್ ಕಡಿಮೆಯಾದ್ರೆ ತಿಳಿಸೋ ಕಮಾಂಡ್ ‘ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್’ ಸೊನ್ನೆ ತೋರಿಸಿದ್ರೆ ಪವರ್ ಸರಿಯಿದೆ ಅಂತ ತೀರ್ಮಾನಿಸಬೇಡಿ. ಝೀರೋ ಸರಣಿಯಲ್ಲಿ ಕಡಿಮೆ ವೋಲ್ಟೇಜ್ ಪತ್ತೆ ಮಾಡೋ ಸರ್ಕ್ಯೂಟೇ ಇಲ್ಲ. ಕೀಬೋರ್ಡ್ ಹಾಕಿರುವಾಗಲೇ ಜಿಪಿಐಓ ಪಿನ್ ಸಾಲಿನ 2ನೇ ಪಿನ್ (5 ವೋಲ್ಟ್), ಪಿನ್ 6 (ಗ್ರೌಂಡ್) ನಡುವೆ ಅಳೆಯಿರಿ. 4.75ಕ್ಕಿಂತ ಕೆಳಗಿದ್ರೆ 2.5 ಆಂಪ್ ಅಡಾಪ್ಟರ್, ಗಿಡ್ಡ ದಪ್ಪ ಕೇಬಲ್ ಬಳಸಿ. ಇಲ್ಲ ಪವರ್ಡ್ ಹಬ್ (ತನ್ನದೇ ಅಡಾಪ್ಟರ್ ಇರೋ ಯುಎಸ್‌ಬಿ ಹಬ್) ಹಾಕಿ.

ಸ್ವರಪೆಟ್ಟಿಗೆ:
4 ಮತ್ತು 5ರ ನಡುವೆ ಬೀಪ್ ಇರಲಿಲ್ಲ. ‘[ಆಲ್]’ ಕೆಳಗೆ ಸಾಲು ಹಾಕಿದ್ಮೇಲೆ ‘ಎಲ್‌ಎಸ್‌ಯುಎಸ್‌ಬಿ’, ‘ಎಕನೆಕ್ಟ್’ ಎರಡರಲ್ಲೂ ಬಂತು. ವೋಲ್ಟೇಜ್ 4.93. ತುಂಬಾ ಥ್ಯಾಂಕ್ಸ್. ಆದ್ರೆ ಪ್ರತಿ ಬೂಟ್ ಆದ್ಮೇಲೂ ಕೈಯಲ್ಲೇ ಕನೆಕ್ಟ್ ಮಾಡಬೇಕಾ?

ಕರ್ನಲ್ ಕಟ್ಟೆ:
ಬೇಡ. ಫ್ಲೂಯಿಡ್‌ಸಿಂತ್ ಶುರು ಮಾಡೋ ಕಮಾಂಡ್‌ಗೆ ‘-ಓ ಮಿಡಿ.ಆಟೋಕನೆಕ್ಟ್=1’ ಸೇರಿಸಿ. ಸರ್ವೀಸ್ ಆಗಿ ಓಡಿಸೋದಾದ್ರೆ ಆ ಯೂಸರ್ ‘ಆಡಿಯೋ’ ಗ್ರೂಪ್‌ನಲ್ಲಿ ಇರಲೇಬೇಕು.