ದೇವರ ಮಹಿಮೆಗಾಗಿ ಬದುಕುವವರು ತಮ್ಮ ಆನಂದವನ್ನು ಅರಸಬಹುದೇ?

ಪ್ರಶ್ನೆ:
ಮನುಷ್ಯನ ಮುಖ್ಯ ಗುರಿ ದೇವರನ್ನು ಮಹಿಮೆಪಡಿಸುವುದು ಮತ್ತು ಸದಾಕಾಲ ಆತನಲ್ಲಿ ಆನಂದಿಸುವುದು ಎಂದು 1647ರಲ್ಲಿ ಸಿದ್ಧವಾದ ವೆಸ್ಟ್‌ಮಿನ್‌ಸ್ಟರ್ ಕಿರು ಪ್ರಶ್ನೋತ್ತರ ಎಂಬ ಕ್ರೈಸ್ತ ಬೋಧನಾ ಪುಸ್ತಕದ ಮೊದಲ ಉತ್ತರ ಹೇಳುತ್ತದೆ. ತನ್ನನ್ನು ನಿರಾಕರಿಸಿ ದಿನಾಲೂ ಶಿಲುಬೆಯನ್ನು ಹೊತ್ತುಕೊಳ್ಳಬೇಕೆಂದು ಯೇಸುವೇ ಹೇಳಿರುವಾಗ (ಲೂಕ 9:23), ನನ್ನ ಆನಂದಕ್ಕೂ ಆತನ ಮಹಿಮೆಗೂ ಹೇಗೆ ಹೊಂದಿಕೆಯಾಗುತ್ತದೆ? ಪ್ರಾರ್ಥನೆಯಲ್ಲಿ ಮನಸ್ಸಿಗೆ ಹಿತವೆನಿಸಿದೊಡನೆ, ನಾನು ದೇವರಿಗಾಗಿ ಮೊಣಕಾಲೂರಿದೆನೋ ಈ ಹಿತಕ್ಕಾಗಿಯೋ ಎಂಬ ಅನುಮಾನ ನನ್ನನ್ನು ಕಾಡುತ್ತದೆ.

ಉತ್ತರ 1:
ಅಂಕಗಳಿಗಾಗಿ ಮಾತ್ರ ಪಾಠ ಕೇಳುವ ವಿದ್ಯಾರ್ಥಿಯನ್ನೂ, ತರಗತಿ ಮುಗಿದ ಮೇಲೂ ಗುರುಗಳ ಮಾತಿಗಾಗಿ ಬಾಗಿಲ ಬಳಿ ನಿಲ್ಲುವ ವಿದ್ಯಾರ್ಥಿಯನ್ನೂ ಯೋಚಿಸಿ ನೋಡಿ. ಎರಡನೆಯವನಿಗೂ ಸಂತೋಷ ಸಿಗುತ್ತದೆ, ಆದರೆ ಆ ಸಂತೋಷವೇ ಗುರುಗಳಿಗೆ ಸಲ್ಲುವ ಗೌರವವಾಗಿದೆ. ಹಾಗಾಗಿ ಆನಂದವನ್ನು ಅರಸಬಹುದೇ ಎನ್ನುವುದಕ್ಕಿಂತ ಯಾವುದರಲ್ಲಿ ಅರಸುತ್ತೇವೆ ಎಂದು ಕೇಳಿಕೊಳ್ಳುವುದೇ ಸರಿ. ಬೈಬಲಿನಲ್ಲಿ ಸಮೃದ್ಧಿಯಿಂದಿದ್ದ ಭಕ್ತನಾದ ಯೋಬನು ಲಾಭವಿಲ್ಲದೆ ದೇವರಿಗೆ ಭಯಪಡುತ್ತಾನೆಯೇ ಎಂದು ಸೈತಾನನು ಕೇಳಿದ್ದು (ಯೋಬ 1:9) ಇದನ್ನೇ. ದೇವರು ಕೊಟ್ಟದ್ದರಲ್ಲಿ ಮಾತ್ರ ಸಂತೋಷಿಸುವವನ ಭಕ್ತಿಯು ಕೊಟ್ಟದ್ದು ಹೋದ ದಿನ ನಿಂತುಹೋಗುತ್ತದೆ. ದೇವರಲ್ಲೇ ಸಂತೋಷಿಸುವವನಿಗೆ ಆಗಲೂ ಕಾರಣ ಉಳಿದಿರುತ್ತದೆ. ನೀವು ಹೇಳಿದ ಶಿಲುಬೆಯ ಮಾತಿಗೆ ಇಬ್ರಿಯರಿಗೆ ಬರೆದ ಪತ್ರಿಕೆಯ 12:2ನ್ನು ಸೇರಿಸಿ ಓದಿ: ತನ್ನ ಮುಂದಿದ್ದ ಆನಂದಕ್ಕಾಗಿಯೇ ಯೇಸು ಶಿಲುಬೆಯನ್ನು ಸಹಿಸಿದನೆಂದು ಅಲ್ಲಿದೆ. ಆನಂದದ ನಿರೀಕ್ಷೆಯೇ ಸ್ವಾರ್ಥವಾಗಿದ್ದರೆ ಆ ವಾಕ್ಯವನ್ನು ಹೇಗೆ ಓದುವುದು?

ಉತ್ತರ 2:
ಮೇಲಿನ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಒಂದು ಎಚ್ಚರಿಕೆ ಅಗತ್ಯ. ಆನಂದವನ್ನು ಭಕ್ತಿಯ ಅಳತೆಗೋಲಾಗಿಸಿದರೆ ಖಿನ್ನತೆಯಲ್ಲಿರುವವರ ಮೇಲೆ ಇನ್ನೊಂದು ಹೊರೆ ಬೀಳುತ್ತದೆ, ಮತ್ತು ಸಭೆಗಳಲ್ಲಿ ಹಾಗೆ ಹೊರೆ ಹೊರಿಸುವವರಿಗೆ ಕೊರತೆಯಿಲ್ಲ. ಬೈಬಲಿನ 88ನೆಯ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಆದರೂ ಅದನ್ನು ಸ್ತುತಿಗೀತೆಗಳ ನಡುವೆಯೇ ಉಳಿಸಿಕೊಳ್ಳಲಾಗಿದೆ. ಸದಾ ಸಂತೋಷಿಸಿರಿ ಎಂದು ಬಂಧನದಲ್ಲಿದ್ದು ಬರೆದ ಅಪೊಸ್ತಲ ಪೌಲನೇ, ತನ್ನ ಜನರಾದ ಯೆಹೂದ್ಯರ ವಿಷಯದಲ್ಲಿ ಎಡೆಬಿಡದ ವೇದನೆ ತನಗಿದೆಯೆಂದು ರೋಮಾಪುರದವರಿಗೆ ತಿಳಿಸುತ್ತಾನೆ (9:2). ಅವನ ಸಂತೋಷವು ದುಃಖವನ್ನು ಹೊರಗಟ್ಟಿರಲಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ಹಾಗಾದರೆ ಏನೂ ಅನಿಸದ ದಿನಗಳಲ್ಲಿ ಬರೀ ಕರ್ತವ್ಯವೆಂದು ಪ್ರಾರ್ಥಿಸುವುದು ಕಪಟವಾಗುವುದಿಲ್ಲವೇ?

ಉತ್ತರ 3:
ಇಲ್ಲದ ಆನಂದವನ್ನು ಇದೆಯೆಂದು ತೋರಿಸಿಕೊಂಡರೆ ಅದು ಕಪಟ, ಇಲ್ಲವೆಂದು ದೇವರ ಮುಂದೆಯೇ ಹೇಳಿಕೊಂಡರೆ ಅದೇ ಪ್ರಾರ್ಥನೆ. 51ನೆಯ ಕೀರ್ತನೆಯಲ್ಲಿ ಪಾಪಭಾರದಿಂದ ಕುಗ್ಗಿದ ದಾವೀದನು ರಕ್ಷಣಾನಂದವನ್ನು ತನಗೆ ಮರಳಿ ಕೊಡಬೇಕೆಂದು ಬೇಡುತ್ತಾನೆ. ಕಳೆದುಕೊಂಡವನ ಬೇಡಿಕೆ ಅದು. ಆದರೆ ತನ್ನ ಆನಂದ ಬೇರೆಲ್ಲೂ ಸಿಗದು ಎಂದು ಒಪ್ಪಿಕೊಂಡು ಅವನು ದೇವರ ಬಳಿಗೇ ಬಂದಿರುವುದರಿಂದ, ಆ ಬೇಡಿಕೆಯಲ್ಲಿಯೇ ದೇವರಿಗೆ ಘನತೆ ಸಲ್ಲುತ್ತದೆ. ಹಿತವೆನಿಸಿದ ದಿನದ ನಿಮ್ಮ ಅನುಮಾನಕ್ಕೂ ನಾನು ಇದನ್ನೇ ಹೇಳುತ್ತೇನೆ: ಆ ಹಿತವನ್ನು ಶೋಧಿಸುತ್ತಾ ಕೂರದೆ, ಅದಕ್ಕಾಗಿ ಆತನಿಗೆ ಕೃತಜ್ಞತೆ ಸಲ್ಲಿಸಿ ಪ್ರಾರ್ಥನೆಯನ್ನು ಮುಂದುವರಿಸಿ.