ತಂಗಿ ಮದುವೆಗೆ ಜೆಪೆಗ್ ಸಾಕಾ, ರಾ ಬೇಕಾ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ 24 ಮೆಗಾಪಿಕ್ಸೆಲ್ ಕ್ಯಾಮೆರಾ ತೆಗೆದುಕೊಂಡಿದ್ದೇನೆ. ಮುಂದಿನ ತಿಂಗಳು ತಂಗಿ ಮದುವೆ. ಇರುವುದು ಒಂದೇ 32 ಜಿಬಿ ಕಾರ್ಡ್. ಜೆಪೆಗ್‌ನಲ್ಲಿ (ಕ್ಯಾಮೆರಾವೇ ಸಿದ್ಧಮಾಡಿ ಕುಗ್ಗಿಸಿ ಕೊಡುವ ಫೋಟೋ ಫೈಲು) ತೆಗೆದರೆ ಕ್ವಾಲಿಟಿ ಹೋಗುತ್ತದೆ, ರಾ (ಸೆನ್ಸರ್ ಕಂಡದ್ದನ್ನು ಹೆಚ್ಚುಕಡಿಮೆ ಹಾಗೇ ಇಡುವ ದೊಡ್ಡ ಫೈಲು) ಬೇಕು ಅಂತಾರೆ, ನಿಜವಾ? ಅನುಭವ ಇದ್ದವರು ಹೇಳಿ.

— ಅಣ್ಣನ ಮದುವೆಯಲ್ಲಿ ನಾನು ಬರೀ ಜೆಪೆಗ್ ತೆಗೆದೆ. ಛತ್ರದಲ್ಲಿ ಒಂದು ಕಡೆ ಹಳದಿ ಬಲ್ಬು, ಇನ್ನೊಂದು ಕಡೆ ಬಿಳಿ ಟ್ಯೂಬ್‌ಲೈಟು, ಮೇಲಿಂದ ವಿಡಿಯೋದವರ ಲೈಟು. ಧಾರೆ ಹೊತ್ತಿಗೆ ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕಂತೆ ಬಿಳಿಯನ್ನು ಬಿಳಿಯಾಗಿ ತೋರಿಸುವ ಸೆಟ್ಟಿಂಗ್) ಕೆಟ್ಟಿತ್ತು, ಗಮನಿಸಲಿಲ್ಲ. ಅತ್ತಿಗೆಯ ಕೆನೆಬಣ್ಣದ ರೇಷ್ಮೆ ಸೀರೆ ಅರಿಶಿನದಲ್ಲಿ ಅದ್ದಿ ತೆಗೆದ ಹಾಗಿತ್ತು. ಸೀರೆ ಸರಿಮಾಡಲು ಹೋದರೆ ಮುಖ ಬೂದಿ ಬಳಿದಂತಾಯಿತು. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಇರುವುದು 256 ಹಂತ. 14 ಬಿಟ್ ರಾ ಆದರೆ 16,384. ಎಳೆದಾಡಲು ಜಾಗ ಜಾಸ್ತಿ. ವೈಟ್ ಬ್ಯಾಲೆನ್ಸನ್ನೂ ಮನೆಗೆ ಬಂದು ನಿಧಾನವಾಗಿ ಬದಲಾಯಿಸಬಹುದು. ಧಾರೆಗಾದರೂ ರಾ ಇಡಿ.

— ರಾ ಅಂದ್ರೆ ಸಂಜೀವಿನಿ ಅಲ್ಲ ಮಾರಾಯ್ರೇ. ರಂಗನತಿಟ್ಟಿನಲ್ಲಿ ಬಿಸಿಲಿಗೆ ಬೆಳ್ಳಕ್ಕಿ ರೆಕ್ಕೆ ಪೂರ್ತಿ ಬರ್ನ್ ಆಗಿ ಬರೀ ಬಿಳಿಯಾಗಿತ್ತು. ರಾ ಫೈಲಿನಲ್ಲಿ ಎಷ್ಟು ಕೆದಕಿದರೂ ಒಂದು ಗರಿ ಕಾಣಲಿಲ್ಲ. ಇನ್ನೊಂದು, ಶಟರ್ ಒತ್ತಿ ಹಿಡಿದು ಸಾಲಾಗಿ ರಾ ತೆಗೆದರೆ ಬಫರ್ (ಕಾರ್ಡಿಗೆ ಬರೆಯುವ ಮುಂಚೆ ಫೋಟೋ ಇಟ್ಟುಕೊಳ್ಳುವ ಕ್ಯಾಮೆರಾದ ಮೆಮೊರಿ) ಬೇಗ ತುಂಬುತ್ತದೆ. ಹಕ್ಕಿ ಹಾರುತ್ತಿತ್ತು, ನನ್ನ ಕ್ಯಾಮೆರಾ ಸುಮ್ನೆ ಕೂತಿತ್ತು! ಅಕ್ಷತೆ ಬೀಳುವಾಗ ಹಾಗಾದರೆ ಕಷ್ಟ ಅಲ್ವಾ? ಎಷ್ಟಕ್ಕೆ ನಿಲ್ಲುತ್ತದೆ ಅಂತ ಮನೆಯಲ್ಲೇ ಎಣಿಸಿಕೊಳ್ಳಿ. ರಾ ಒಂದಕ್ಕೆ 25 ಎಂಬಿ ಹಿಡಿದರೂ ನಿಮ್ಮ ಕಾರ್ಡಿಗೆ 1,200ರ ಆಸುಪಾಸು. ಎರಡು ದಿನದ ಮದುವೆಗೆ ಇನ್ನೊಂದು ಕಾರ್ಡ್ ಬೇಕೇ ಬೇಕು.

— ನಾನು ಅಕ್ಕನ ಮದುವೆಗೆ 800 ರಾ ತೆಗೆದೆ. ಎಡಿಟ್ ಮಾಡಲು ಪುರುಸೊತ್ತಿಲ್ಲದೆ ಎಂಟು ತಿಂಗಳು ಹಾರ್ಡ್‌ಡಿಸ್ಕಿನಲ್ಲೇ ಕೊಳೆತವು. ಅಕ್ಕ ಈಗಲೂ ಚುಚ್ಚುತ್ತಾಳೆ. ಹಗಲು ಬೆಳಕಲ್ಲಿ ನೆಂಟರ ಗುಂಪು, ಊಟದ ಪಂಕ್ತಿ, ಇದಕ್ಕೆಲ್ಲ ಜೆಪೆಗ್ ಧಾರಾಳ ಸಾಕು. ತೆರೆದು ನೋಡಿದರೆ, ಕಾಪಿ ಮಾಡಿದರೆ ಅದು ಕೆಡುವುದಿಲ್ಲ. ತಿದ್ದಿ ತಿದ್ದಿ ಮತ್ತೆ ಸೇವ್ ಮಾಡಿದರೆ ಸವೆಯುತ್ತದೆ. ನಮ್ಮಲ್ಲಿ ಫೋಟೋ ಹಾಳಾಗುವುದು ಜಾಸ್ತಿ ವಾಟ್ಸಾಪಿನಲ್ಲಿ. ಗ್ರೂಪಿನಿಂದ ಇಳಿಸಿಕೊಂಡ ಫೋಟೋವನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆವು. ಅಜ್ಜಿಯ ಮೂಗುತಿ ಬರೀ ಬಿಳಿ ಚುಕ್ಕೆ. ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.

— ಪ್ರಶ್ನೆ ಕೇಳಿದವನು: ಈಗಷ್ಟೇ ಎಣಿಸಿದೆ. ರಾದಲ್ಲಿ 19ಕ್ಕೆ ನಿಂತಿತು. ಅಕ್ಷತೆ ಹೊತ್ತಿಗೆ ಜೆಪೆಗ್‌ಗೆ ಬದಲಾಯಿಸಿಕೊಳ್ಳುತ್ತೇನೆ.